ಆರೋಗ್ಯ ಪ್ರಶ್ನೋತ್ತರ: ಬಿಡುವ ಉಸಿರು ನೀಳವಾಗಿರಲಿ

ಒತ್ತಡ ಮತ್ತು ನಿದ್ರೆಯ ಕುರಿತು ಈ ಅಂಕಣದಲ್ಲಿ ಬರೆದ ಮೇಲೆ ಉಸಿರಾಟದ ಅಭ್ಯಾಸಗಳ ಬಗ್ಗೆ ಕೇಳಿ ಅನೇಕರು ಪತ್ರ ಬರೆದಿದ್ದಾರೆ. ಮೈಸೂರು ಮತ್ತು ಮಂಡ್ಯ ಜಿಲ್ಲೆಗಳಿಂದ ಬಂದ ಐದು ಪತ್ರಗಳನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ. ಬರೆದವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಮಂಡ್ಯದ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ವಯಸ್ಸು 43. ಫಲಿತಾಂಶದ ಪರಿಶೀಲನಾ ಸಭೆ ಇದೆಯೆಂದರೆ ಹಿಂದಿನ ರಾತ್ರಿಯಿಂದಲೇ ಎದೆ ಡವಡವ ಎನ್ನುತ್ತದೆ. ಆಳವಾಗಿ ಉಸಿರೆಳೆದುಕೊಂಡರೆ ಸರಿಹೋಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಹಾಗೆ ಎಂಟು ಹತ್ತು ಸಲ ಎಳೆದುಕೊಂಡರೆ ನನಗೆ ತಲೆ ಸುತ್ತುತ್ತದೆ, ಬೆರಳ ತುದಿಗಳಲ್ಲೂ ತುಟಿಯ ಸುತ್ತಲೂ ಜುಮುಜುಮು ಎನ್ನುತ್ತದೆ, ಹೆದರಿಕೆ ಇನ್ನೂ ಹೆಚ್ಚುತ್ತದೆ. ಇಸಿಜಿ, ಥೈರಾಯ್ಡ್ ಮತ್ತು ರಕ್ತ ಪರೀಕ್ಷೆಗಳೆಲ್ಲ ಸರಿಯಾಗಿವೆ. ನನಗೆ ಮಾತ್ರ ಏಕೆ ಹೀಗೆ?

ಉತ್ತರ: ನಿಮಗೆ ಮಾತ್ರವಲ್ಲ, ಅಮ್ಮ. ನನ್ನ ಚಿಕಿತ್ಸಾಲಯಕ್ಕೆ ಬರುವವರಲ್ಲಿ ಈ ಮಾತನ್ನು ನಾನು ಮತ್ತೆ ಮತ್ತೆ ಕೇಳಿದ್ದೇನೆ. ತೊಂದರೆ ಇರುವುದು ನಿಮ್ಮ ದೇಹದಲ್ಲಲ್ಲ, ನಿಮಗೆ ಸಿಕ್ಕ ಸಲಹೆಯಲ್ಲಿ. ನಿಮ್ಮ ಅಜ್ಜಿಯ ಮನೆಯಲ್ಲಿ ಸೌದೆ ಒಲೆ ಇದ್ದಿದ್ದರೆ ನೆನಪಿಸಿಕೊಳ್ಳಿ. ಮಳೆಗಾಲದಲ್ಲಿ ಹಸಿ ಸೌದೆ ಹೊತ್ತಿಕೊಳ್ಳದೆ, ಊದುಗೊಳವೆ ಹಿಡಿದು ಒಂದೇ ಸಮನೆ ಊದಿದವರು ಸ್ವಲ್ಪ ಹೊತ್ತಿಗೆ ತಲೆ ಹಿಡಿದುಕೊಂಡು ಗೋಡೆಗೆ ಒರಗುತ್ತಿದ್ದರು. ಹೊಗೆಯೊಂದೇ ಅದಕ್ಕೆ ಕಾರಣವಲ್ಲ. ಪದೇ ಪದೇ ಎದೆ ತುಂಬ ಉಸಿರು ತುಂಬಿ ಖಾಲಿ ಮಾಡಿದ್ದರ ಫಲ ಅದು. ಸಭೆಗೆ ಮೊದಲು ನೀವು ಮಾಡುತ್ತಿರುವುದೂ ಅದನ್ನೇ.

ಆಗ ಒಳಗೆ ನಡೆಯುವುದು ಇಷ್ಟು. ದೊಡ್ಡ ಉಸಿರುಗಳನ್ನು ಬೇಗ ಬೇಗ ತೆಗೆದುಕೊಂಡಾಗ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಅಗತ್ಯಕ್ಕಿಂತ ಹೆಚ್ಚು ಹೊರಗೆ ಹೋಗುತ್ತದೆ. ಅದನ್ನು ನಾವು ಬರೀ ಕಶ್ಮಲವೆಂದು ತಿಳಿದಿರುತ್ತೇವೆ, ಆದರೆ ರಕ್ತದ ಆಮ್ಲ ಮತ್ತು ಕ್ಷಾರದ ಹದವನ್ನು ಕಾಯುವುದರಲ್ಲಿ ಅದಕ್ಕೆ ದೊಡ್ಡ ಪಾತ್ರವಿದೆ. ಅದು ಇಳಿದೊಡನೆ ಮೆದುಳಿನ ರಕ್ತನಾಳಗಳು ಕಿರಿದಾಗುವುದರಿಂದ ತಲೆ ಹಗುರಾಗಿ ಸುತ್ತಿದಂತಾಗುತ್ತದೆ, ರಕ್ತ ಕ್ಷಾರದ ಕಡೆಗೆ ವಾಲುವುದರಿಂದ ನರಗಳು ಸುಲಭವಾಗಿ ಕೆರಳಿ ಬೆರಳು ಮತ್ತು ತುಟಿಗಳಲ್ಲಿ ಜುಮುಗುಡುತ್ತದೆ. ಮೊದಲೇ ಹೆದರಿರುವ ಮನಸ್ಸು ಇದನ್ನು ದೊಡ್ಡ ಕಾಯಿಲೆಯ ಸೂಚನೆಯೆಂದು ಓದಿಕೊಂಡು ಉಸಿರನ್ನು ಇನ್ನಷ್ಟು ಓಡಿಸುತ್ತದೆ. ಹೆಚ್ಚು ಗಾಳಿ ಎಳೆದುಕೊಂಡರೆ ಹೆಚ್ಚು ಆಮ್ಲಜನಕ ಸಿಕ್ಕಿ ಸಮಾಧಾನವಾಗುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಆಕ್ಸಿಮೀಟರ್ ಇನ್ನೂ ನಿಮ್ಮಲ್ಲಿದ್ದರೆ ಬೆರಳಿಗೆ ಹಾಕಿ ನೋಡಿ. ಆರೋಗ್ಯವಂತರಲ್ಲಿ ಸುಮ್ಮನೆ ಕುಳಿತಾಗಲೂ ಅದು 95ಕ್ಕಿಂತ ಮೇಲೆಯೇ ಇರುತ್ತದೆ. ತುಂಬಿರುವ ಕೊಡಕ್ಕೆ ಇನ್ನಷ್ಟು ಸುರಿಯಲು ಜಾಗವಿರುವುದಿಲ್ಲ.

ಹಾಗಾದರೆ ಸಮಾಧಾನ ಎಲ್ಲಿಂದ ಬರುತ್ತದೆ? ಇದನ್ನು ನಾನು ಹೇಳುವುದಕ್ಕಿಂತ ನಿಮ್ಮ ಮಣಿಕಟ್ಟೇ ಚೆನ್ನಾಗಿ ತೋರಿಸಿಕೊಡುತ್ತದೆ. ಎಡಗೈಯ ಹೆಬ್ಬೆರಳ ಬುಡದ ಕೆಳಗೆ, ಬಳೆ ನಿಲ್ಲುವ ಜಾಗದಲ್ಲಿ, ಬಲಗೈಯ ಎರಡು ಬೆರಳುಗಳನ್ನು ಹಗುರವಾಗಿ ಇಟ್ಟು ನಾಡಿಯನ್ನು ಹುಡುಕಿ. ನಾಡಿ ಸಿಕ್ಕ ಮೇಲೆ ನಿಧಾನವಾಗಿ ಉಸಿರೆಳೆದು, ಅದಕ್ಕಿಂತ ನಿಧಾನವಾಗಿ ಬಿಡಿ. ಒಳಗೆ ಎಳೆಯುವಾಗ ಬಡಿತಗಳು ಸ್ವಲ್ಪ ಹತ್ತಿರ ಹತ್ತಿರ ಬರುವುದೂ ಬಿಡುವಾಗ ಒಂದಕ್ಕೊಂದು ದೂರ ಸರಿಯುವುದೂ ಹಲವರಿಗೆ ಬೆರಳಿಗೇ ತಿಳಿಯುತ್ತದೆ. ವಯಸ್ಸಾದಂತೆ ಈ ವ್ಯತ್ಯಾಸ ಕಡಿಮೆಯಾಗುತ್ತದೆ, ಆದ್ದರಿಂದ ತಿಳಿಯದಿದ್ದರೆ ಗಾಬರಿಯಾಗಬೇಡಿ. ಮೆದುಳಿನ ಬುಡದಿಂದ ಹೊರಟು ಹೃದಯಕ್ಕೂ ಹೊಟ್ಟೆಯ ಅಂಗಗಳಿಗೂ ಹೋಗುವ ವೇಗಸ್ ಎಂಬ ನರವೊಂದಿದೆ. ಹೃದಯದ ಓಟಕ್ಕೆ ಕಡಿವಾಣ ಹಾಕುವುದು ಅದರ ಕೆಲಸಗಳಲ್ಲೊಂದು, ಆ ಕಡಿವಾಣ ಬಿಗಿಯಾಗುವುದು ಉಸಿರನ್ನು ಬಿಡುವಾಗ. ಆದುದರಿಂದಲೇ ನಿಮ್ಮ ಗಮನವೆಲ್ಲ ಬಿಡುವ ಉಸಿರಿನ ಮೇಲಿರಲಿ ಎಂದು ಹೇಳುತ್ತೇನೆ. ನಮ್ಮ ಭಾಷೆಯಲ್ಲಿ ನಿಟ್ಟುಸಿರು ಎಂಬ ಮಾತಿಗೆ ಮೂಲದಲ್ಲಿ ಇರುವ ಅರ್ಥ ನೀಳವಾದ ಉಸಿರು ಎಂದು. ಅದನ್ನು ನಾವು ದುಃಖಕ್ಕೆ ಮಾತ್ರ ಮೀಸಲಿಟ್ಟಿದ್ದೇವೆ, ಮನೆಯಲ್ಲಿ ಯಾರಾದರೂ ನಿಟ್ಟುಸಿರು ಬಿಟ್ಟರೆ ಏನಾಯಿತೆಂದು ಗದರುತ್ತೇವೆ. ಒತ್ತಡದಲ್ಲಿರುವ ದೇಹ ತನ್ನಷ್ಟಕ್ಕೆ ತಾನೇ ಮಾಡಿಕೊಳ್ಳುವ ಉಪಚಾರ ಅದು. 2023ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ ದಿನಕ್ಕೆ 5 ನಿಮಿಷದಂತೆ ಒಂದು ತಿಂಗಳು ಬೇರೆ ಬೇರೆ ಗುಂಪಿನವರಿಂದ ಬೇರೆ ಬೇರೆ ಅಭ್ಯಾಸಗಳನ್ನು ಮಾಡಿಸಿದಾಗ, ಹೀಗೆ ನಿಟ್ಟುಸಿರಿನಂತೆ ಬಿಡುವ ಉಸಿರನ್ನು ಉದ್ದ ಮಾಡಿದವರ ಮನಃಸ್ಥಿತಿ ಧ್ಯಾನ ಮಾಡಿದವರಿಗಿಂತಲೂ ಹೆಚ್ಚು ಸುಧಾರಿಸಿತ್ತು.

ಇನ್ನು ಕಲಿಯುವ ಬಗೆ. ಶಾಲೆಯಿಂದ ಬಂದ ಮೇಲೆ ಚಾಪೆಯ ಮೇಲೆ ಅಂಗಾತ ಮಲಗಿ, ಮಂಡಿಗಳನ್ನು ಮಡಚಿ, ಹೊಕ್ಕುಳಿನ ಮೇಲೆ ಮಕ್ಕಳ ನೋಟ್ ಪುಸ್ತಕವೊಂದನ್ನು ಇಟ್ಟುಕೊಳ್ಳಿ. ಎದೆಗೂ ಹೊಟ್ಟೆಗೂ ನಡುವೆ ಕಮಾನಿನಂತೆ ಇರುವ ವಪೆ ಎಂಬ ಸ್ನಾಯು ಉಸಿರೆಳೆಯುವಾಗ ಕೆಳಗಿಳಿದು ಹೊಟ್ಟೆಯನ್ನು ಮೇಲಕ್ಕೆ ತಳ್ಳುತ್ತದೆ. ಮೂಗಿನಿಂದ ಸದ್ದಾಗದಂತೆ ಉಸಿರೆಳೆದಾಗ ಪುಸ್ತಕ ಮೇಲೇರಬೇಕು, ಹೆಗಲು ಮತ್ತು ಕೊರಳು ಅಲುಗಬಾರದು. ನಿಮ್ಮಂತೆ ಗಾಬರಿಯಲ್ಲಿ ಉಸಿರಾಡುವವರಲ್ಲಿ ಪುಸ್ತಕ ಇದ್ದಲ್ಲಿಯೇ ಇದ್ದು, ಕೊರಳ ಕೆಳಗಿನ ಮೂಳೆ ಮಾತ್ರ ಏರಿಳಿಯುವುದನ್ನು ನೋಡುತ್ತೇನೆ. ಎಳೆಯುವಾಗ ಮನಸ್ಸಿನಲ್ಲಿ ನಾಲ್ಕು ಎಣಿಸಿ, ಬಿಡುವಾಗ ಆರು ಎಣಿಸಿ. ಲೋಟದ ಬಿಸಿ ಕಾಫಿಯ ಮೇಲಿನ ಕೆನೆ ಸರಿದು ಸುಕ್ಕಾಗುವಷ್ಟು ಮಾತ್ರ, ನೊರೆ ಚೆಲ್ಲದಂತೆ ಊದುತ್ತೇವಲ್ಲ, ತುಟಿಗಳನ್ನು ಹಾಗೆ ಸ್ವಲ್ಪವೇ ತೆರೆದು ಬಿಟ್ಟರೆ ಉಸಿರು ತಾನಾಗಿ ನೀಳವಾಗುತ್ತದೆ. ಹೀಗೆ ಒಂದು ಉಸಿರಿಗೆ 10 ಸೆಕೆಂಡಿನಂತೆ ನಿಮಿಷಕ್ಕೆ ಆರು ಉಸಿರುಗಳಾಗುತ್ತವೆ. ಸಾಮಾನ್ಯವಾಗಿ ದೊಡ್ಡವರು ವಿಶ್ರಾಂತಿಯಲ್ಲಿದ್ದಾಗ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ. ಮೊದಲ ದಿನವೇ ಆರಕ್ಕೆ ಇಳಿಸಬೇಕೆಂದು ಹಟ ಹಿಡಿಯಬೇಡಿ. ಮೂರು ಎಣಿಸಿ ಎಳೆದು, ನಾಲ್ಕು ಎಣಿಸಿ ಬಿಟ್ಟರೂ ಸಾಕು. ಉಸಿರು ಸಾಲದೆಂದು ಅನ್ನಿಸಿದರೆ ನೀವು ಅವಸರ ಮಾಡುತ್ತಿದ್ದೀರಿ ಎಂದರ್ಥ. ತಲೆ ಹಗುರಾದರೆ ನಿಲ್ಲಿಸಿ, ಸಾಮಾನ್ಯವಾಗಿ ಉಸಿರಾಡಿ. ಅಭ್ಯಾಸದ ಉಸಿರು ದೊಡ್ಡದಾಗಿರಬೇಕಾಗಿಲ್ಲ ಎಂಬುದನ್ನು ಒತ್ತಿ ಹೇಳುತ್ತೇನೆ. ಅದು ಸಣ್ಣದಾಗಿದ್ದು ನಿಧಾನವಾಗಿರಬೇಕು.

ಸಭೆಯ ದಿನವೇ ಮೊದಲ ಬಾರಿಗೆ ಇದನ್ನು ಮಾಡಲು ಹೋಗಬೇಡಿ. ಈಜು ಬಾರದವರು ಪ್ರವಾಹದಲ್ಲಿ ಕಲಿಯುವುದಿಲ್ಲ. ನೆಮ್ಮದಿಯ ದಿನಗಳಲ್ಲಿ, ಮೂರು ನಾಲ್ಕು ವಾರ, ದಿನಕ್ಕೆ 5 ನಿಮಿಷ ಮಾಡಿದ ಮೇಲೆ ಸಭೆಯ ಕೊಠಡಿಯ ಹೊರಗೆ ಬೆಂಚಿನ ಮೇಲೆ ಕುಳಿತು ಅಂತಹ ನಾಲ್ಕೈದು ಉಸಿರು ತೆಗೆದುಕೊಂಡರೆ ದೇಹ ಅದನ್ನು ಗುರುತು ಹಿಡಿಯುತ್ತದೆ. ಜುಮುಗುಟ್ಟುವಿಕೆಗೆ ಕಾಗದದ ಚೀಲದೊಳಗೆ ಉಸಿರಾಡುವ ಹಳೆಯ ಉಪಾಯವನ್ನು ಯಾರಾದರೂ ಹೇಳಿದರೆ ಒಪ್ಪಬೇಡಿ. ಹೃದಯದ ಅಥವಾ ಶ್ವಾಸಕೋಶದ ತೊಂದರೆಯನ್ನು ಗಾಬರಿಯೆಂದು ತಪ್ಪಾಗಿ ತಿಳಿದಿದ್ದರೆ ಅದರಿಂದ ಅಪಾಯವಾಗುತ್ತದೆ. ಎದೆಯ ನಡುವೆ ಹಿಂಡಿದಂತಹ ನೋವು, ಅದು ತೋಳಿಗೆ ಅಥವಾ ದವಡೆಗೆ ಹರಡುವುದು, ತಣ್ಣನೆಯ ಬೆವರು, ಇವುಗಳಲ್ಲಿ ಯಾವುದು ಬಂದರೂ ಉಸಿರಾಟದ ಅಭ್ಯಾಸಕ್ಕೆ ಕುಳಿತುಕೊಳ್ಳದೆ 108ಕ್ಕೆ ಕರೆ ಮಾಡಬೇಕು. ನಿಮ್ಮ ಇಸಿಜಿ ಹಿಂದೊಮ್ಮೆ ಸರಿಯಿತ್ತು ಎಂಬುದು ಆ ದಿನದ ಮಟ್ಟಿಗೆ ಮಾತ್ರ ಸತ್ಯ.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಹಾಸನದ ಕಡೆಯಿಂದ ಬಂದು ಮೈಸೂರಿನ ಗೋಕುಲಂನಲ್ಲಿ ಬಾಡಿಗೆ ಕೊಠಡಿಯಲ್ಲಿದ್ದೇನೆ. ವಯಸ್ಸು 24. ರಾತ್ರಿ 11ಕ್ಕೆ ಪುಸ್ತಕ ಮುಚ್ಚಿದರೂ 2 ಗಂಟೆಯವರೆಗೆ ನಿದ್ರೆ ಬರುವುದಿಲ್ಲ. ಮೊಬೈಲಿನಲ್ಲಿ ನೋಡಿ ಮಲಗುವ ಮುನ್ನ ಕಪಾಲಭಾತಿ, ಭಸ್ತ್ರಿಕಾ ಮಾಡುತ್ತಿದ್ದೇನೆ, ಉಸಿರನ್ನು ಕಟ್ಟಿ ಹಿಡಿಯುವುದನ್ನೂ ದಿನದಿನಕ್ಕೆ ಹೆಚ್ಚಿಸುತ್ತಿದ್ದೇನೆ. ಪ್ರಯೋಜನ ಕಾಣುತ್ತಿಲ್ಲ ಸರ್.

ಉತ್ತರ: ಕಪಾಲಭಾತಿ ಮತ್ತು ಭಸ್ತ್ರಿಕಾ ಎರಡೂ ರಭಸದ ಕ್ರಿಯೆಗಳು. ಅವು ಮೈಯನ್ನು ಎಚ್ಚರಿಸುತ್ತವೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ತಿಳಿದವರ ಎದುರಿನಲ್ಲಿ ಮಾಡಬೇಕಾದುದನ್ನು ನೀವು ರಾತ್ರಿ ಹಾಸಿಗೆಯ ಪಕ್ಕದಲ್ಲಿ ಮಾಡಿ ನಿದ್ರೆಯನ್ನು ಕಾಯುತ್ತಿದ್ದೀರಿ. ಇಂದಿನಿಂದಲೇ ರಾತ್ರಿಯ ಹೊತ್ತು ಅವೆರಡನ್ನೂ ಬಿಟ್ಟುಬಿಡಿ. ಉಸಿರು ಕಟ್ಟುವುದನ್ನು ಸ್ಪರ್ಧೆಯಂತೆ ಹೆಚ್ಚಿಸುವುದನ್ನೂ ಬಿಡಿ. ನೀವಿರುವ ಊರೇ ಇದಕ್ಕೆ ಪಾಠ ಹೇಳಬಲ್ಲದು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1930ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದ ತಿರುಮಲೈ ಕೃಷ್ಣಮಾಚಾರ್ಯರ ಶಿಷ್ಯರಲ್ಲೊಬ್ಬರಾದ ಪಟ್ಟಾಭಿ ಜೋಯಿಸರು ಮುಂದೆ ಕಲಿಸಿದ್ದು ನಿಮ್ಮ ಗೋಕುಲಂನಲ್ಲಿಯೇ. ಪತಂಜಲಿ ಹೇಳಿದ ಯೋಗದ ಎಂಟು ಅಂಗಗಳಲ್ಲಿ ಪ್ರಾಣಾಯಾಮ ಬರುವುದು ಯಮ, ನಿಯಮ, ಆಸನಗಳ ನಂತರ, ನಾಲ್ಕನೆಯದಾಗಿ. ಮೊದಲಿನ ಮೂರನ್ನೂ ಕಲಿಸುವವರನ್ನೂ ದಾಟಿ ಮೊಬೈಲು ನಿಮ್ಮನ್ನು ನೇರವಾಗಿ ಕುಂಭಕಕ್ಕೆ, ಅಂದರೆ ಉಸಿರು ಕಟ್ಟುವುದಕ್ಕೆ, ಕರೆದೊಯ್ದಿದೆ.

ರಾತ್ರಿಗೆ ನಾನು ಭ್ರಾಮರಿಯನ್ನು ಹೇಳುತ್ತೇನೆ. ಬಾಯಿ ಮುಚ್ಚಿ, ದವಡೆ ಸಡಿಲವಾಗಿಟ್ಟು, ಜೇನುಹುಳದಂತೆ ಮೆಲ್ಲನೆ ಗುಂಯ್‌ಗುಡುತ್ತ ಉಸಿರು ಬಿಡುವುದು. ನಾದ ಇರುವವರೆಗೆ ಉಸಿರು ಓಡಲಾರದು, ಆದ್ದರಿಂದ ಎಣಿಕೆಯ ಹಂಗಿಲ್ಲದೆ ಅದು ನೀಳವಾಗುತ್ತದೆ. ದಿನವೆಲ್ಲ ಇಸವಿಗಳನ್ನೂ ಅಂಕಿಗಳನ್ನೂ ಬಾಯಿಪಾಠ ಮಾಡಿದ ತಲೆಗೆ ಮಲಗುವಾಗಲೂ ನಾಲ್ಕು, ಆರು ಎಂದು ಎಣಿಸುವ ಕೆಲಸ ಕೊಡಬಾರದು. ಹತ್ತು ಹನ್ನೆರಡು ಬಾರಿ ಮಾಡಿ ಸುಮ್ಮನೆ ಮಲಗಿ. ಅರ್ಧ ಗಂಟೆಯಾದರೂ ನಿದ್ರೆ ಬಾರದಿದ್ದರೆ ಎದ್ದು ಕುರ್ಚಿಯಲ್ಲಿ ಕುಳಿತು, ತೂಕಡಿಕೆ ಬಂದ ಮೇಲೆ ಹಾಸಿಗೆಗೆ ಹೋಗಿ. ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುವ ಅಭ್ಯಾಸವಿದ್ದರೆ ಮೂರು ಹೆಜ್ಜೆಗೆ ಉಸಿರೆಳೆದು ಐದು ಹೆಜ್ಜೆಗೆ ಬಿಡುತ್ತ ನಡೆಯಬಹುದು. ಪತ್ರದ ಕೊನೆಯಲ್ಲಿ ನೀವು ಬರೆದ ಒಂದು ಮಾತು ನನಗೆ ಮುಖ್ಯವೆನ್ನಿಸಿತು: ರಾತ್ರಿ 9 ಗಂಟೆಗೆ ಓದಲು ಎಚ್ಚರವಿರಲೆಂದು ಎರಡು ಲೋಟ ಸ್ಟ್ರಾಂಗ್ ಕಾಫಿ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಐದು ಗಂಟೆಗಳ ನಂತರವೂ ದೇಹದಲ್ಲಿ ಉಳಿದಿರುತ್ತದೆ. ಮಧ್ಯಾಹ್ನದ ನಂತರ ಕಾಫಿ ನಿಲ್ಲಿಸದೆ ಯಾವ ಪ್ರಾಣಾಯಾಮ ಮಾಡಿದರೂ 2 ಗಂಟೆಯ ಲೆಕ್ಕ ತಪ್ಪುವುದಿಲ್ಲ.

ಪ್ರಶ್ನೆ: ನಾನು ಬಸ್ ಚಾಲಕ. ಮೈಸೂರಿನಿಂದ ಮಂಡ್ಯ, ಮದ್ದೂರು ಮಾರ್ಗ. ಟ್ರಾಫಿಕ್‌ನಲ್ಲಿ ಸಿಟ್ಟು ನೆತ್ತಿಗೇರುತ್ತದೆ. ಸ್ಟೀರಿಂಗ್ ಹಿಡಿದುಕೊಂಡೇ ಉಸಿರಾಟದ ಅಭ್ಯಾಸ ಮಾಡಬಹುದೇ?

ಉತ್ತರ: ವಾಹನ ಚಲಿಸುತ್ತಿರುವಾಗ ಎಣಿಕೆ ಬೇಡ, ಕಣ್ಣು ಮುಚ್ಚುವುದಂತೂ ಬೇಡವೇ ಬೇಡ, ಉಸಿರು ಕಟ್ಟುವುದೂ ಬೇಡ. ಸಿಗ್ನಲ್‌ನಲ್ಲಿ ನಿಂತಾಗ ಸ್ಟೀರಿಂಗ್ ಮೇಲಿನ ಹಿಡಿತವನ್ನು ಸಡಿಲಿಸಿ, ಹೆಗಲು ಇಳಿಬಿಟ್ಟು ಒಂದೆರಡು ಸಲ ನಿಧಾನವಾಗಿ ಉಸಿರು ಬಿಟ್ಟರೆ ಸಾಕು. ನಿಜವಾದ ಅಭ್ಯಾಸವನ್ನು ನಿಲ್ದಾಣದಲ್ಲಿ ಬಸ್ಸು ನಿಂತಿರುವ ಹತ್ತು ನಿಮಿಷದಲ್ಲಿ, ಸೀಟಿಗೆ ಒರಗಿ ಮಾಡಿ. ಮೂತ್ರ ಬಂದರೂ ತಡೆದುಕೊಂಡು, ಊಟದ ಹೊತ್ತು ಮೀರಿಸಿ ಓಡಿಸುವ ದಿನಗಳಲ್ಲಿ ಸಿಟ್ಟು ಬೇಗ ಬರುತ್ತದೆ ಎಂಬುದನ್ನೂ ಗಮನಿಸಿ. 40 ದಾಟಿದ್ದರೆ ಒಮ್ಮೆ ಬಿಪಿ ಮತ್ತು ಸಕ್ಕರೆ ನೋಡಿಸಿಕೊಳ್ಳಿ.

ಪ್ರಶ್ನೆ: ಮೈಸೂರಿನ ಅಗ್ರಹಾರದಲ್ಲಿ ಮಗನ ಮನೆಯಲ್ಲಿದ್ದೇನೆ. 68 ವರ್ಷ. ಬಿಪಿಗೆ ಮಾತ್ರೆ, ಉಬ್ಬಸಕ್ಕೆ ಇನ್‌ಹೇಲರ್ ಇದೆ. ಸೊಸೆ ಪ್ರಾಣಾಯಾಮದ ತರಗತಿಗೆ ಬನ್ನಿ ಎನ್ನುತ್ತಾಳೆ. ನನಗೆ ಕಾಲು ಮಡಚಿ ಕೂರಲು ಆಗುವುದಿಲ್ಲ. ಬೆಳಿಗ್ಗೆ ದೇವರ ಮುಂದೆ ಕುರ್ಚಿ ಹಾಕಿಕೊಂಡು ಅರ್ಧ ಗಂಟೆ ದೇವರನಾಮ ಹಾಡಿಕೊಳ್ಳುತ್ತೇನೆ, ಆಗ ಮನಸ್ಸು ಹಗುರಾಗುತ್ತದೆ. ಅದೇ ಸಾಲದೇ?

ಉತ್ತರ: ನಿಮ್ಮ ಪತ್ರ ಓದಿ ಸಂತೋಷವಾಯಿತು. ಹಾಡುವಾಗ ಗಬಕ್ಕನೆ ಉಸಿರೆಳೆದು ಸಾಲು ಮುಗಿಯುವವರೆಗೆ ಮೆಲ್ಲನೆ ಬಿಡುತ್ತೀರಿ. ಮೊದಲ ಪತ್ರದ ಅಧ್ಯಾಪಕಿಗೆ ಪುಸ್ತಕ ಇಟ್ಟು ಕಲಿಸಿದ್ದನ್ನು ನೀವು ಹಾಡಿನಿಂದಲೇ ಕಲಿತಿದ್ದೀರಿ. ಇಟಲಿಯ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಲ್ಯಾಟಿನ್ ಭಾಷೆಯ ಜಪಮಾಲೆಯ ಪ್ರಾರ್ಥನೆಯನ್ನೂ ಬೌದ್ಧರ ಮಂತ್ರವೊಂದನ್ನೂ ಹೇಳಿಸಿ ನೋಡಿದಾಗ, ಎರಡರಲ್ಲಿಯೂ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿದು ಹೃದಯದ ಲಯ ಹದಗೊಂಡಿತ್ತು. ದೇವರನಾಮದ ವಿಳಂಬ ಸಾಲುಗಳಿಗೂ ಅಂತಹ ಗುಣವಿದೆಯೆಂದು ನಾನು ನಂಬುತ್ತೇನೆ.

ತರಗತಿಗೆ ಹೋಗುವ ಮನಸ್ಸಾದರೆ ಹೋಗಿ, ಸೊಸೆಯ ಜೊತೆ ಹೊರಗೆ ಹೋದಂತೆಯೂ ಆಗುತ್ತದೆ. ಆದರೆ ಬಿಪಿ ಇರುವುದರಿಂದ ಕಪಾಲಭಾತಿ, ಭಸ್ತ್ರಿಕಾ ಮತ್ತು ಉಸಿರು ಕಟ್ಟುವ ಅಭ್ಯಾಸಗಳು ನಿಮಗೆ ಬೇಡವೆಂದು ಕಲಿಸುವವರಿಗೆ ಮೊದಲೇ ತಿಳಿಸಿ. ನಿಧಾನ ಉಸಿರಾಟದಿಂದ ಬಿಪಿ ಕೆಲವು ಅಂಕಿಗಳಷ್ಟು ಇಳಿಯಬಹುದು, ಮಾತ್ರೆಯನ್ನು ನಿಲ್ಲಿಸುವಷ್ಟಲ್ಲ. ಉಬ್ಬಸ ಬಂದಾಗ ಇನ್‌ಹೇಲರ್ ಮೊದಲು, ಆಮೇಲೆ ತುಟಿ ಚೂಪು ಮಾಡಿ ನಿಧಾನವಾಗಿ ಉಸಿರು ಬಿಡುವುದು. ಊದುಬತ್ತಿಯ ಹೊಗೆ ಉಬ್ಬಸವನ್ನು ಕೆರಳಿಸುತ್ತದೆ. ನೀವು ಹಾಡುವ ಹೊತ್ತಿಗೆ ದೇವರ ಮುಂದೆ ತುಪ್ಪದ ದೀಪವೊಂದೇ ಇರಲಿ, ಊದುಬತ್ತಿಯನ್ನು ಸೊಸೆ ಆಮೇಲೆ ಹೊರಗೆ ತುಳಸಿ ಕಟ್ಟೆಯಲ್ಲಿ ಹಚ್ಚಲಿ.

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕಿನ ಹಳ್ಳಿ. ನಮ್ಮ ಯಜಮಾನರಿಗೆ 48 ವರ್ಷ. ಕೊಳವೆ ಬಾವಿಗೆ ಮಾಡಿದ ಸಾಲ ಬೆಳೆದಿದೆ. ಮೂರು ತಿಂಗಳಿಂದ ಊಟ ಸೇರುವುದಿಲ್ಲ, ಬೆಳಗಿನ ಜಾವ 3ಕ್ಕೇ ಎದ್ದು ಜಗಲಿಯ ಮೇಲೆ ಕುಳಿತಿರುತ್ತಾರೆ, ಕಬ್ಬಿನ ಗದ್ದೆಯ ಕಡೆ ಹೋಗುವುದನ್ನೂ ಬಿಟ್ಟಿದ್ದಾರೆ. ಮಗಳ ಫೋನಿನಲ್ಲಿ ಉಸಿರಾಟದ ವಿಡಿಯೊ ಹಾಕಿ ಜೊತೆಗೆ ಕೂರಿಸಿಕೊಂಡು ಮಾಡಿಸುತ್ತಿದ್ದೇನೆ. ಮೊನ್ನೆ, ನಾನು ಇಲ್ಲದಿದ್ದರೆ ನಿಮಗೆಲ್ಲ ಸುಖ ಎಂದರು. ಇನ್ನೆಷ್ಟು ದಿನ ಮಾಡಿಸಿದರೆ ಸರಿಹೋಗುತ್ತಾರೆ?

ಉತ್ತರ: ಅಚ್ಚಾಗುವವರೆಗೆ ಕಾಯುವ ಪತ್ರ ಇದಾಗಿರಲಿಲ್ಲ. ಬಂದ ದಿನವೇ ಈ ತಾಯಿ ಬರೆದಿದ್ದ ಸಂಖ್ಯೆಗೆ ಕರೆ ಮಾಡಿ ಮಾತನಾಡಿದ್ದೇನೆ. ಇಂತಹುದೇ ಕಷ್ಟದಲ್ಲಿರುವ ಬೇರೆ ಮನೆಗಳಿಗೂ ತಿಳಿಯಲೆಂದು ಅವರ ಒಪ್ಪಿಗೆ ಪಡೆದು, ಅವರಿಗೆ ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಉಸಿರಾಟದ ಅಭ್ಯಾಸವೊಂದರಿಂದಲೇ ಇದು ಸರಿಹೋಗುವುದಿಲ್ಲ. ಹಸಿವು ಹೋಗುವುದು, ಬೆಳಗಿನ ಜಾವಕ್ಕೇ ಎಚ್ಚರವಾಗುವುದು, ಪ್ರೀತಿಯಿಂದ ಮಾಡುತ್ತಿದ್ದ ಕೆಲಸದಲ್ಲಿ ಆಸಕ್ತಿ ಸತ್ತುಹೋಗುವುದು, ಇವು ಖಿನ್ನತೆ ಎಂಬ ಕಾಯಿಲೆಯ ಲಕ್ಷಣಗಳು. ಅದಕ್ಕೆ ಚಿಕಿತ್ಸೆಯಿದೆ. ನಾನಿಲ್ಲದಿದ್ದರೆ ಎಂಬ ಮಾತನ್ನು ಬೇಸರದ ಮಾತೆಂದು ಬಿಡಬಾರದು. ಸಾಯಬೇಕೆಂದು ಅನ್ನಿಸುತ್ತಿದೆಯೇ ಎಂದು ಅವರನ್ನು ನೇರವಾಗಿ, ಮೆಲ್ಲನೆ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಬಿಡುತ್ತದೆ ಎಂಬ ಭಯ ಬೇಡ, ಬಹಳ ಮಂದಿಗೆ ಯಾರೋ ಕೇಳಿದರಲ್ಲ ಎಂದು ಎದೆ ಹಗುರಾಗುತ್ತದೆ. ಅಂದೇ ಮನೆಯಲ್ಲಿರುವ ಕೀಟನಾಶಕ, ಕಳೆನಾಶಕದ ಡಬ್ಬಿಗಳನ್ನೆಲ್ಲ ತೆಗೆದು, ಅವರಿಗೆ ತಿಳಿಯದ ಬೇರೆ ಮನೆಯಲ್ಲಿ ಬೀಗ ಹಾಕಿ ಇಡಿಸಬೇಕು. ಆ ಯೋಚನೆ ತೀವ್ರವಾಗಿರುವ ಹೊತ್ತು ಅನೇಕ ವೇಳೆ ಸ್ವಲ್ಪದರಲ್ಲಿಯೇ ಕಳೆದುಹೋಗುತ್ತದೆ, ಆ ಹೊತ್ತಿನಲ್ಲಿ ವಿಷ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಅವರನ್ನು ಒಂಟಿಯಾಗಿ ಬಿಡಬಾರದು. ಬೆಳಗಿನ ಜಾವ ಜಗಲಿಗೆ ಹೋದರೆ ನೀವೂ ಎದ್ದು ಹೋಗಿ ಪಕ್ಕದಲ್ಲಿ ಕುಳಿತುಕೊಳ್ಳಬೇಕು. ನೀವು ಕಲಿಸುತ್ತಿರುವ ನಿಧಾನದ ಉಸಿರಿಗೆ ಅಲ್ಲಿ ಬೆಲೆಯಿದೆ. ಮಾತು ಹೊರಡದ ಆ ಹೊತ್ತಿನಲ್ಲಿ ಇಬ್ಬರೂ ಒಟ್ಟಿಗೆ ಉಸಿರು ಬಿಡುತ್ತ ಕುಳಿತರೆ ಬೆಳಕು ಹರಿಯುವವರೆಗಿನ ಸಮಯ ದಾಟುತ್ತದೆ.

ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿಯ ಸಂಖ್ಯೆ 14416. ಅದು 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ಹಗಲು ರಾತ್ರಿ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಕನ್ನಡದಲ್ಲಿ ಮಾತನಾಡುತ್ತಾರೆ, ಹಣ ಕೊಡಬೇಕಾಗಿಲ್ಲ. ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿಯೂ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿಯೂ ಮನೋವೈದ್ಯರಿದ್ದಾರೆ. ಖಿನ್ನತೆಯ ಮಾತ್ರೆಗಳು ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ, ಮೊದಲ ವಾರದಲ್ಲೇ ಗುಣ ಕಾಣಲಿಲ್ಲವೆಂದು ನಿಲ್ಲಿಸಬಾರದು. ಸಾಲದ ಕಾಗದಗಳನ್ನು ನಿಮ್ಮ ತವರಿನ ಅಣ್ಣನಾಗಲಿ ಅವರು ನಂಬುವ ಊರಿನ ಹಿರಿಯರಾಗಲಿ ಕೈಗೆ ತೆಗೆದುಕೊಂಡು, ಬ್ಯಾಂಕಿನವರ ಮತ್ತು ಕೈಸಾಲ ಕೊಟ್ಟವರ ಜೊತೆ ಕೆಲವು ತಿಂಗಳು ಅವರೇ ಮಾತನಾಡಲಿ. ಆಸ್ಪತ್ರೆಗೆ ಹೋಗುವಾಗ ಈವರೆಗೆ ತೋರಿಸಿದ ಚೀಟಿಗಳನ್ನೂ ನುಂಗುತ್ತಿರುವ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಳ್ಳಿ. ವೈದ್ಯರ ಕೊಠಡಿಗೆ ನೀವೂ ಜೊತೆಗೆ ಹೋಗಿ. ಬೆಳಗಿನ ಜಾವ 3ಕ್ಕೆ ಎಚ್ಚರವಾಗುವ ವಿಷಯವನ್ನೂ ಮೊನ್ನೆ ಅವರು ಆಡಿದ ಮಾತನ್ನೂ ಅವರು ಹೇಳದಿದ್ದರೆ ನೀವೇ ಹೇಳಿ.